ಮಡಕೆ ಒಡೆದಿದೆ

ಉಚ್ಚಂಗೆಮ್ಮ ಚನ್ನಗಿರಿಯಲ್ಲಿ ಬಸ್ಸಿಳಿದಾಗ ಅವಳನ್ನು ಕರೆದುಕೊಂಡು ಹೋಗಲು ಯಾರೂ ಬಂದಿರಲಿಲ್ಲ. ೧೯೮೧ರ ಏಪ್ರಿಲ್ ಕೊನೆಯ ಬಿಸಿಲು. ಟ್ರಂಕು ಹಿಡಿದುಕೊಂಡು, ದಾರಿಯಲ್ಲಿ ಸಿಕ್ಕವರನ್ನು ಕೇಳಿಕೊಂಡು ಶಾಲೆ ಹುಡುಕಿದಳು. ಗೇಟಿನ ಬಳಿ ಕುಳಿತಿದ್ದ ಜವಾನ ಮೂಕಪ್ಪ ಎದ್ದು ನಿಂತು, "ಇಂಗ್ಲಿಷ್ ಟ್ರೇನಿಂಗಿಗೆ ಬಂದ ಅಕ್ಕೋರು ಆ ರೂಮ್ನಾಗೆ ಸಹಿ ಮಾಡ್ಬೇಕ್ರಿ" ಎಂದು ಕೈ ತೋರಿಸಿದ.

"ನಾನು ಟ್ರೇನಿಂಗ್ ತಗಳಾಕೆ ಬಂದಿಲ್ಲಪ್ಪ. ಕೊಡಾಕೆ ಬಂದೀನಿ."

ಮೂಕಪ್ಪ ಅವಳನ್ನು ಇನ್ನೊಮ್ಮೆ ನೋಡಿದ. ಟ್ರಂಕು ತೆಗೆದುಕೊಂಡು ಮುಂದೆ ನಡೆದ.

ಐದನೇ ತರಗತಿಯಿಂದ ಇಂಗ್ಲಿಷ್ ಕಲಿಸುವ ಮೇಷ್ಟರುಗಳಿಗೆ ಬೇಸಿಗೆ ರಜೆಯಲ್ಲಿ ತರಬೇತಿ ಕೊಡಬೇಕೆಂದು ಸರ್ಕಾರದ ಆದೇಶ ಆಗಿತ್ತು. ಬಂದವರಲ್ಲಿ ಹೆಚ್ಚಿನವರು ತಲೆ ನರೆತವರು. ಪರೀಕ್ಷೆ ಪಾಸು ಮಾಡಿದ ಮೇಲೆ ಬಾಯಿ ಬಿಟ್ಟು ಒಂದು ಇಂಗ್ಲಿಷ್ ವಾಕ್ಯ ಆಡಿರದವರು. ರಜೆ ಹೋಯಿತೆಂಬ ಸಿಟ್ಟು ಎಲ್ಲರಿಗೂ ಇತ್ತು. ಕಲಿಸಲು ಬಂದವಳು ತಮ್ಮ ಮಗಳ ವಯಸ್ಸಿನವಳು ಎಂದು ತಿಳಿದಾಗ ಆ ಸಿಟ್ಟಿಗೆ ಒಂದು ಗುರಿ ಸಿಕ್ಕಿತು.

ಉಚ್ಚಂಗೆಮ್ಮ ನ್ಯಾಮತಿ ಕಡೆಯ ಹಳ್ಳಿಯೊಂದರ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್. ಹುಟ್ಟಿದ್ದು ಜಗಳೂರು ತಾಲ್ಲೂಕಿನಲ್ಲಿ. ಅಪ್ಪ ದಾಸಪ್ಪ ಕೂಲಿ ಮಾಡುತ್ತಿದ್ದವನು. ಅವಳು ಹೈಸ್ಕೂಲಿನಲ್ಲಿದ್ದಾಗ ಮನೆಯಲ್ಲಿ ಬುದ್ಧನ ಪಟ ಹಾಕಿ, ಇನ್ನು ಮೇಲೆ ನಾವು ಬೌದ್ಧರು ಎಂದು ಕೇರಿಗೆಲ್ಲ ಹೇಳಿದ್ದ. ಮಗಳು ಹಾಸ್ಟೆಲಿನಲ್ಲಿದ್ದು ಓದಿದಳು, ಕೆಲಸ ಹಿಡಿದಳು. ಹಿಂದಿನ ವರ್ಷ ಬೆಂಗಳೂರಿನಲ್ಲಿ ನಾಲ್ಕು ತಿಂಗಳ ವಿಶೇಷ ತರಬೇತಿ ಪಡೆದು ಅಲ್ಲಿ ಮೊದಲಿಗಳಾಗಿ ಬಂದಿದ್ದಳು. ಅದಕ್ಕೇ ಅವಳನ್ನು ಚನ್ನಗಿರಿಗೆ ಕಳಿಸಿದ್ದರು.

ಮೊದಲ ದಿನವೇ ಮುಂದಿನ ಬೆಂಚಿನಿಂದ ಒಬ್ಬ ಎದ್ದ. ಬಿಳಿ ಅಂಗಿ, ಇಸ್ತ್ರಿ ಮಾಡಿದ ಪಂಚೆ, ತಲೆಗೆ ಟೋಪಿ. ತ್ಯಾವಣಿಗೆ ಹತ್ತಿರದ ಹಳ್ಳಿಯಲ್ಲಿ ಹೆಡ್‌ಮೇಷ್ಟರು, ಹೆಸರು ಓಂಕಾರಪ್ಪ.

"ಯಾವೂರಮ್ಮ ನಿಮ್ದು?"

"ಜಗಳೂರು ಕಡೆ."

"ಅಲ್ಲಿ ಯಾರ ಪೈಕಿ?"

"ದಾಸಪ್ಪನ ಮಗಳು. ನಾವು ಬೌದ್ಧರು."

"ಅದು ಈಗ. ಅದಕ್ಕೆ ಮುಂಚೆ?"

ಕೋಣೆಯಲ್ಲಿ ಯಾರೋ ಕೆಮ್ಮಿದರು. ಉಚ್ಚಂಗೆಮ್ಮ ಸೀಮೆಸುಣ್ಣ ಕೈಗೆತ್ತಿಕೊಂಡಳು. "ಅದಕ್ಕೆ ಮುಂಚಿನದು ನಿಮಗೆ ಗೊತ್ತಿದ್ದೇ ಕೇಳ್ತಾ ಇದೀರಿ. ಕೂತ್ಕಳ್ರಿ. ಇನ್ನೊಂದು ವಿಷಯ, ಇಲ್ಲಿ ನನ್ನ ಅಮ್ಮ ಅನ್ನಬ್ಯಾಡ್ರಿ. ಮೇಡಂ ಅನ್ರಿ."

ಓಂಕಾರಪ್ಪ ಕುಳಿತ. ಅಂದಿನಿಂದ ಅವನು ಅವಳನ್ನು ಅಮ್ಮ ಎನ್ನಲಿಲ್ಲ, ಮೇಡಂ ಎಂದೂ ಅನ್ನಲಿಲ್ಲ.

ಶಿಬಿರಕ್ಕೆ ಬಂದವರಲ್ಲಿ ಇನ್ನೊಬ್ಬಳೇ ಹೆಂಗಸು, ಹೊನ್ನಾಳಿ ತಾಲ್ಲೂಕಿನ ಸಾವಂತ್ರಮ್ಮ. ನಲವತ್ತು ದಾಟಿದವಳು, ಮೆಲುದನಿಯವಳು. ಇಬ್ಬರಿಗೂ ಸೇರಿ ಶಾಲೆಯ ಹಿಂದಿನ ಬೀದಿಯಲ್ಲಿ ಒಂದು ಕೋಣೆ ಕೊಟ್ಟಿದ್ದರು. ಮೊದಲ ಸಂಜೆ ಸಾವಂತ್ರಮ್ಮ ಊರಿಂದ ತಂದಿದ್ದ ಬುತ್ತಿ ಬಿಚ್ಚಿ, ಎರಡು ಜೋಳದ ರೊಟ್ಟಿ, ಶೇಂಗಾ ಚಟ್ನಿ ಮುತ್ತುಗದ ಎಲೆಯ ಮೇಲಿಟ್ಟು ಉಚ್ಚಂಗೆಮ್ಮನ ಕಡೆ ಸರಿಸಿದಳು. ತಾನು ತಟ್ಟೆಯಲ್ಲಿ ಉಂಡಳು. ತಟ್ಟೆ ಒಂದೇ ಇರಬೇಕು ಎಂದುಕೊಂಡ ಉಚ್ಚಂಗೆಮ್ಮ ಖುಷಿಯಿಂದಲೇ ತಿಂದಳು. ಆ ಊರಿನಲ್ಲಿ ಅವಳೊಡನೆ ನಗುತ್ತ ಮಾತಾಡಿದ್ದು ಸಾವಂತ್ರಮ್ಮ ಒಬ್ಬಳೇ.

ಮೊದಲ ದಿನಗಳು ಹೇಗೋ ಸಾಗಿದವು. ಪ್ರೆಸೆಂಟ್ ಪರ್ಫೆಕ್ಟ್ ಪಾಠ ಬಂದ ದಿನ ಜಗಳ ಬಯಲಿಗೆ ಬಂತು.

ಉಚ್ಚಂಗೆಮ್ಮ ಬಾಗಿಲ ಬಳಿ ಹೋಗಿ, "ಐ ಯಾಮ್ ಷಟಿಂಗ್ ದ ಡೋರ್" ಎನ್ನುತ್ತ ನಿಧಾನವಾಗಿ ಬಾಗಿಲು ಮುಚ್ಚಿದಳು. ಮುಚ್ಚಿದ ಬಾಗಿಲಿಗೆ ಬೆನ್ನು ಕೊಟ್ಟು ನಿಂತು, "ಐ ಹ್ಯಾವ್ ಷಟ್ ದ ಡೋರ್" ಎಂದಳು. "ನೋಡ್ರಿ, ಮುಚ್ಚೋ ಕೆಲಸ ಮುಗೀತು. ಆದ್ರೆ ಬಾಗಿಲು ಈಗ್ಲೂ ಮುಚ್ಚೇ ಐತೆ. ಆದ ಕೆಲಸದ ಗುರುತು ಕಣ್ಣ ಮುಂದೆ ಇದ್ರೆ ಹ್ಯಾವ್ ಹಾಕ್ಬೇಕು. ಒಬ್ಬೊಬ್ಬರೇ ಬಂದು ಮಾಡಿ ತೋರಿಸ್ರಿ."

ಯಾರೂ ಏಳಲಿಲ್ಲ.

"ಬಾಗಿಲು ಹಾಕಿ ತೆಗೆಯಾಕೆ ನಾವೇನು ಜವಾನರಾ?" ಹಿಂದಿನಿಂದ ಒಂದು ದನಿ.

ಓಂಕಾರಪ್ಪ ಕುಳಿತಲ್ಲಿಂದಲೇ ಶುರುಮಾಡಿದ. "ಹ್ಯಾವ್ ಅಂದ್ರೆ ನಮ್ಮತ್ರ ಐತೆ ಅಂತ ಅರ್ಥ. ಐ ಹ್ಯಾವ್ ಎ ಕೌ, ನನ್ನತ್ರ ಹಸು ಐತೆ. ಇಪ್ಪತ್ತೆಂಟು ವರ್ಷದಿಂದ ಹಿಂಗೇ ಹೇಳ್ಕೊಂಡ್ ಬಂದೀನಿ. ಈಗ ಐ ಹ್ಯಾವ್ ಷಟ್ ದ ಡೋರ್ ಅಂದ್ರೆ, ನನ್ನತ್ರ ಮುಚ್ಚಿದ ಬಾಗಿಲು ಐತೆ ಅಂತನಾ? ಬಾಗಿಲೇನು ನನ್ನ ಜೇಬಿನಾಗೆ ಐತಾ?"

ಎಲ್ಲರೂ ನಕ್ಕರು. ನಗು ನಿಲ್ಲುವವರೆಗೆ ಉಚ್ಚಂಗೆಮ್ಮ ಕಾದಳು.

"ಈಗ ನೀವೇ ಒಂದು ಮಾತು ಅಂದ್ರಿ. ಹೇಳ್ಕೊಂಡ್ ಬಂದೀನಿ ಅಂತ. ಅದನ್ನ ಬಿಡಿಸಿ ಹೇಳ್ರಿ ನೋಡೋಣ."

"ಬಿಡಿಸೋದೇನು? ಬಂದೀನಿ. ಬಂದಿದ್ದೀನಿ."

"ಬಂದು, ಇದ್ದೀನಿ. ಆ ಇದ್ದೀನಿ ಎಲ್ಲಿಂದ ಬಂತು? ಬರೋ ಕೆಲಸಕ್ಕೂ ಇರೋ ಕೆಲಸಕ್ಕೂ ಏನು ಸಂಬಂಧ? ಬಾಗಿಲು ಮುಚ್ಚಿದ್ದೀನಿ ಅಂತೀರಿ. ಮುಚ್ಚಿ, ನೀವು ಎಲ್ಲಿ ಇದ್ದೀರಿ? ಬಾಗಿಲ ಒಳಗಾ?" ಅವಳು ಬೋರ್ಡಿನ ಮೇಲೆ ಎರಡನ್ನೂ ಅಕ್ಕಪಕ್ಕ ಬರೆದಳು. "ನಾವು ಇರು ಅನ್ನೋದನ್ನ ಅಂಟಿಸ್ಕೊಂಡೀವಿ. ಅವರು ಹ್ಯಾವ್ ಅನ್ನೋದನ್ನ ಅಂಟಿಸ್ಕೊಂಡಾರೆ. ನಿಮ್ಮ ಬಾಯಾಗೆ ದಿನಾ ಇರೋದೇ ಇದು. ಒಂದೇ ಫರಕು. ನಾವು ನಿನ್ನೆ ಬಂದೀನಿ ಅಂದ್ರೂ ನಡೀತೈತೆ. ಅವರು ನಿನ್ನೆ ಅನ್ನೋ ಮಾತು ಬಂದ ಕೂಡ್ಲೇ ಹ್ಯಾವ್ ತೆಗೆದುಹಾಕ್ತಾರೆ. ಯಾವಾಗ ಅಂತ ಹೇಳಿದ್ರೋ, ಹ್ಯಾವ್ ಹೋಯ್ತು."

ಈ ಸಲವೂ ಕೆಲವರು ನಕ್ಕರು. ಅದೂ ಓಂಕಾರಪ್ಪನನ್ನು ನೋಡಿ. ಅವನ ಕಿವಿ ಕೆಂಪಾಯಿತು.

ಆ ಮಧ್ಯಾಹ್ನ ಅವಳು ಕೈಪಿಡಿಯಲ್ಲಿದ್ದ ಮುಂದಿನ ಪಾಠ ತೆಗೆದುಕೊಂಡಳು. ಅದು ನೀರು ಕುಡಿಯುವ ಪಾಠ. ವರಾಂಡದಲ್ಲಿ ಒಂದು ಮಡಕೆ, ಮೇಲೊಂದು ಮುಚ್ಚಳ, ಒಂದು ಅಲ್ಯೂಮಿನಿಯಂ ಲೋಟ ಇದ್ದವು. ಅಷ್ಟು ದಿನವೂ ಮೂಕಪ್ಪನೇ ಎಲ್ಲರಿಗೂ ಮೊಗೆದು ಕೊಡುತ್ತಿದ್ದ. ಉಚ್ಚಂಗೆಮ್ಮ ಮಡಕೆಯನ್ನು ತಾನೇ ಎತ್ತಿ ತಂದು ಮೇಜಿನ ಮೇಲಿಟ್ಟಳು. ಲೋಟ ಅದ್ದಿ ನೀರು ತೆಗೆದಳು. "ಐ ಯಾಮ್ ಡ್ರಿಂಕಿಂಗ್" ಎನ್ನಲಾಗದೆ ಕುಡಿಯುತ್ತಲೇ ಕೈಸನ್ನೆ ಮಾಡಿದಳು, ಖಾಲಿ ಲೋಟವನ್ನು ಬೋರಲು ಹಿಡಿದು "ಐ ಹ್ಯಾವ್ ಡ್ರಂಕ್ ದ ವಾಟರ್" ಎಂದಳು.

ಯಾರೂ ಆ ವಾಕ್ಯ ಮತ್ತೆ ಹೇಳಲಿಲ್ಲ. ಎಲ್ಲರ ಕಣ್ಣೂ ಮಡಕೆಯ ಮೇಲಿತ್ತು. ಪಾಠ ಮುಗಿದ ಮೇಲೆ ಬಿಸಿಲಲ್ಲಿ ಬಾಯಾರಿದ್ದರೂ ಒಬ್ಬನೂ ನೀರು ಕೇಳದೆ ಗೇಟಿನಾಚೆಯ ಹೋಟೆಲಿಗೆ ಹೋದದ್ದನ್ನು ಅವಳು ಕಿಟಕಿಯಿಂದ ನೋಡಿದಳು. ಅರ್ಥವಾಗದೇ ಇರಲಿಲ್ಲ. ಜಗಳೂರು ಕಡೆಯ ಕೇರಿಯಲ್ಲಿ ಹುಟ್ಟಿದ್ದರಿಂದ ಅಷ್ಟು ಅರ್ಥ ಮಾಡಿಕೊಳ್ಳಲು ಅವಳಿಗೆ ಯಾವ ತರಬೇತಿಯೂ ಬೇಕಿರಲಿಲ್ಲ.

ಮರುದಿನ ಬೆಳಿಗ್ಗೆ ವರಾಂಡದಲ್ಲಿ ಹೊಸ ಮಡಕೆ ಇತ್ತು. ಹಳೆಯದರ ಚೂರುಗಳು ಬೇಲಿಯ ಬುಡದಲ್ಲಿ ಬಿದ್ದಿದ್ದವು.

ಅವಳು ಸೀರೆಯ ಸೆರಗು ಸಿಕ್ಕಿಸಿಕೊಂಡು ಕುಳಿತು ಚೂರುಗಳನ್ನು ಆರಿಸಿದಳು. ದೊಡ್ಡವನ್ನೆಲ್ಲ ಒಂದು ಪೇಪರಿನ ಮೇಲೆ ಹಾಕಿ ತಂದು, ಮೇಷ್ಟರುಗಳೆಲ್ಲ ಕುಳಿತ ಮೇಲೆ ಮೇಜಿನ ಮೇಲೆ ಸುರಿದಳು. ಬರೆಯುವಾಗ ಸೀಮೆಸುಣ್ಣ ಮುರಿಯಿತು. ಇನ್ನೊಂದು ತುಂಡು ತೆಗೆದುಕೊಂಡು ಬರೆದಳು: ಸಂಬಡಿ ಹ್ಯಾಸ್ ಬ್ರೋಕನ್ ದ ಪಾಟ್.

"ಯಾರೋ ಮಡಕೆ ಒಡೆದಾರೆ. ಒಡೆಯೋದನ್ನ ನಾನು ನೋಡ್ಲಿಲ್ಲ. ಯಾರು ಅಂತ ಗೊತ್ತಿಲ್ಲ, ಯಾವಾಗ ಅಂತ ಗೊತ್ತಿಲ್ಲ. ಚೂರು ಮಾತ್ರ ಕಣ್ಣ ಮುಂದೆ ಐತೆ. ಇದಕ್ಕಿಂತ ಒಳ್ಳೆ ಉದಾಹರಣೆ ಯಾವ ಪುಸ್ತಕದಾಗೂ ಸಿಗಲ್ಲ. ಹೇಳ್ರಿ ಎಲ್ರೂ."

ಓಂಕಾರಪ್ಪ ಮೀಸೆಯೊಳಗೇ ನಕ್ಕ. "ಮಡಕೆ ಒಡೆಯೋದು ಯಾವ ದೊಡ್ಡ ವಿಷಯ? ಬೆಕ್ಕು ಕೆಡವಿರ್ಬೇಕು."

"ದ ಕ್ಯಾಟ್ ಹ್ಯಾಸ್ ಬ್ರೋಕನ್ ದ ಪಾಟ್. ಸರಿಯಾದ ವಾಕ್ಯ. ಬರ್ಕಳ್ರಿ." ಅವಳು ಅದನ್ನೂ ಬೋರ್ಡಿನ ಮೇಲೆ ಬರೆದಳು. "ಬೆಕ್ಕು ಒಡೆದೈತೆ. ಒಡೆದು, ಚೂರು ಆರಿಸಿ ಬೇಲಿ ಬುಡಕ್ಕೆ ಹಾಕೈತೆ. ಕುಂಬಾರರ ಮನಿಗೆ ಹೋಗಿ ಹೊಸ ಮಡಕೆ ತಂದೈತೆ. ನೀರೂ ತುಂಬಿಸೈತೆ. ಬಾಳ ಶಾಣ್ಯಾ ಬೆಕ್ಕು."

ಅವಳು ವರಾಂಡಕ್ಕೆ ಹೋಗಿ ಹೊಸ ಮಡಕೆಗೆ ಲೋಟ ಅದ್ದಿ, ಬಾಗಿಲಲ್ಲಿ ನಿಂತು, ಎಲ್ಲರೂ ನೋಡುವಂತೆ ಕುಡಿದಳು.

ಮಧ್ಯಾಹ್ನಕ್ಕೆ ದೂರು ಹೋಗಿತ್ತು. ತರಬೇತಿಯ ಮೇಲ್ವಿಚಾರಣೆ ಹೊತ್ತಿದ್ದ ಅಧಿಕಾರಿ ತಿಪ್ಪೇಶಪ್ಪ ಸ್ಕೂಟರಿನಲ್ಲಿ ಬಂದ. ಬೆವರು ಒರೆಸಿಕೊಳ್ಳುತ್ತ ತರಗತಿಯ ಮುಂದೆ ಕುರ್ಚಿಯಲ್ಲಿ ಕುಳಿತು, ಎಲ್ಲರಿಗೂ ಕೇಳುವ ಹಾಗೆ ಮೃದುವಾಗಿಯೇ ಹೇಳಿದ. "ಏನ್ ಮೇಡಂ, ಹಿರಿಯರು ಬೇಜಾರು ಮಾಡ್ಕೊಂಡಾರೆ. ಪಾಠ ಮಾಡಾಕೆ ನೀರೇ ಬೇಕಾ? ಚಾಕ್‌ಪೀಸು, ಡಸ್ಟರು, ಬೇಕಾದಷ್ಟು ಸಾಮಾನು ಐತಲ್ಲ."

"ಕೈಪಿಡೀಲಿ ನೀರಿನ ಪಾಠ ಐತೆ ಸಾರ್."

"ಇರ್ಲಿ ರೀ. ಸ್ವಲ್ಪ ಹೊಂದ್ಕೊಂಡು ಹೋಗ್ಬೇಕು."

ಅವಳು ಹೊರಗೆ ಹೋಗಿ ಒಂದು ಲೋಟ ನೀರು ತಂದು ಅವನ ಮುಂದೆ ಹಿಡಿದಳು. "ಬಿಸಿಲಾಗೆ ಬಂದೀರಿ. ತಗಳ್ರಿ ಸಾರ್."

ತಿಪ್ಪೇಶಪ್ಪ ಲೋಟ ನೋಡಿದ. ಎದುರಿಗೆ ಕುಳಿತವರನ್ನು ನೋಡಿದ. ಅವನ ತುಟಿ ಒಣಗಿದ್ದು ಎಲ್ಲರಿಗೂ ಕಾಣುತ್ತಿತ್ತು. "ನೋ, ನೋ. ಥ್ಯಾಂಕ್ಯೂ. ಐ ಹ್ಯಾವ್ ಜಸ್ಟ್ ಹ್ಯಾಡ್ ಕಾಫಿ" ಎಂದ.

ಉಚ್ಚಂಗೆಮ್ಮ ಲೋಟ ಕೆಳಗಿಟ್ಟು ಬೋರ್ಡಿನ ಕಡೆ ತಿರುಗಿದಳು. ಆ ವಾಕ್ಯವನ್ನು ದೊಡ್ಡ ಅಕ್ಷರದಲ್ಲಿ ಬರೆದಳು. "ಸಾಹೇಬ್ರು ಹೇಳಿದ್ದು ಪ್ರೆಸೆಂಟ್ ಪರ್ಫೆಕ್ಟು. ಈಗಷ್ಟೇ ಕಾಫಿ ಕುಡಿದೀನಿ, ಅದಕ್ಕೇ ಈಗ ನೀರು ಬ್ಯಾಡ. ಆಗಿದ್ದಕ್ಕೂ ಈಗಿನದಕ್ಕೂ ಸಂಬಂಧ ಐತೆ. ಜಸ್ಟ್ ಅನ್ನೋ ಮಾತು ಎಲ್ಲಿ ಬರ್ತೈತೆ ನೋಡ್ಕಳ್ರಿ."

ತಿಪ್ಪೇಶಪ್ಪನಿಗೆ ಬೈಯಲೂ ಆಗಲಿಲ್ಲ, ನಗಲೂ ಆಗಲಿಲ್ಲ. ಹೊರಗೆ ಸ್ಕೂಟರ್ ಹತ್ತುವಾಗ ಅವಳನ್ನು ಕರೆದು, "ನಿಮ್ಮ ಒಳ್ಳೇದಕ್ಕೇ ಹೇಳಿದ್ದು. ನೀವೇ ಮುಳ್ಳು ಮೈಮೇಲೆ ಎಳ್ಕೊಳ್ತಾ ಇದೀರಿ" ಎಂದ.

"ನೀರಿನ ಪಾಠ ಮಾಡಬ್ಯಾಡ ಅಂತ ಬರ್ದು ಕೊಡ್ರಿ ಸಾರ್. ಬಿಡ್ತೀನಿ."

ಅವನು ಬರೆದು ಕೊಡಲಿಲ್ಲ. ಕಿಕ್ ಹೊಡೆದು ಹೊರಟುಹೋದ.

ಮಾರನೆಯ ದಿನ ಎರಡನೆಯ ಮಡಕೆಯೂ ಒಡೆದಿತ್ತು. ಈ ಸಲ ಚೂರುಗಳು ಬೇಲಿಯ ಬುಡಕ್ಕೂ ಹೋಗಿರಲಿಲ್ಲ, ವರಾಂಡದಲ್ಲೇ ಹರಡಿದ್ದವು. ಮಣ್ಣು ಇನ್ನೂ ಒದ್ದೆ. ಮೂಕಪ್ಪ ಅವನ್ನು ನೋಡುತ್ತ ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದ. ಅವನದು ಕಾಯಂ ಕೆಲಸವಲ್ಲ, ಹೇಳಿ ಕಳಿಸಿದರೆ ನಾಳೆಯಿಂದ ಇಲ್ಲ.

ತರಗತಿ ಶುರುವಾಗುವ ಮೊದಲೇ ಓಂಕಾರಪ್ಪ ಎದ್ದು ನಿಂತ. "ನೋಡ್ರಿ, ದಿನಾ ನಮ್ಮ ಮೇಲೆ ಅನುಮಾನ ಪಡೋದು ಬ್ಯಾಡ. ಶಾಲೆ ಬೀಗದ ಕೈ ಇರೋದು ಮೂಕಪ್ಪನ ಹತ್ರ. ಅವನು ಕುಡಿದು ಬಂದು ಒಡೆದಾನೆ. ಸಾಹೇಬ್ರಿಗೆ ಹೇಳಿ ಅವನ್ನ ಇವತ್ತೇ ತೆಗೆಸ್ತೀವಿ. ಈ ಪಂಚಾಯ್ತಿ ಇಲ್ಲಿಗೆ ಮುಗೀಲಿ."

ಬಾಗಿಲಲ್ಲಿ ನಿಂತಿದ್ದ ಮೂಕಪ್ಪ, "ಮೇಷ್ಟ್ರೇ, ದೇವರಾಣೆ ನಾನು ಮುಟ್ಟಿಲ್ಲ" ಎಂದ. ಯಾರೂ ಅವನ ಕಡೆ ತಿರುಗಲಿಲ್ಲ.

ಮೂಕಪ್ಪ ಅಲ್ಲವೆಂದು ಉಚ್ಚಂಗೆಮ್ಮನಿಗೆ ಗೊತ್ತಿತ್ತು; ತೋರಿಸಿ ಹೇಳಲು ಏನೂ ಇರಲಿಲ್ಲ. ಬೋರ್ಡಿನ ಮೇಲೆ ಹಿಂದಿನ ದಿನದ ಬೆಕ್ಕಿನ ವಾಕ್ಯ ಅರ್ಧ ಅಳಿಸಿ ಉಳಿದಿತ್ತು. ಅವಳು ಅದನ್ನೇ ತಿದ್ದಿದಳು. "ಮೂಕಪ್ಪ ಹ್ಯಾಸ್ ಬ್ರೋಕನ್ ದ ಪಾಟ್ ಅಂತ ಓಂಕಾರಪ್ನೋರು ಹೇಳ್ತಾರೆ. ಯಾವಾಗ ಅಂತ ಹೇಳ್ತೀರಾ? ನೋಡಿದ್ರಾ? ವೆನ್ ಡಿಡ್ ಹಿ ಬ್ರೇಕ್ ಇಟ್?"

ಓಂಕಾರಪ್ಪ ಬಾಯಿ ತೆರೆಯುವಷ್ಟರಲ್ಲಿ ಕೊನೆಯ ಬೆಂಚು ಸದ್ದು ಮಾಡಿತು. ಸಾವಂತ್ರಮ್ಮ ಎದ್ದು ನಿಂತಿದ್ದಳು. ಸೆರಗಿನ ತುದಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಇಷ್ಟು ದಿನದ ಶಿಬಿರದಲ್ಲಿ ಅವಳು ತಾನಾಗಿ ಎದ್ದು ಮಾತಾಡಿದ್ದು ಅದೇ ಮೊದಲು.

"ಐ ಬ್ರೋಕ್ ಇಟ್," ಎಂದಳು. ಒಂದು ಕ್ಷಣ ನಿಂತು, ಪದ ಹುಡುಕಿ, "ಯೆಸ್ಟರ್‌ಡೇ ಈವನಿಂಗ್" ಎಂದು ಸೇರಿಸಿದಳು. "ಆಲ್ಸೋ ದ ಫಸ್ಟ್ ಪಾಟ್. ಐ ಬ್ರೋಕ್."

"ಕೂತ್ಕಳ್ರಿ ಸಾವಂತ್ರಮ್ಮ!" ಓಂಕಾರಪ್ಪ ಗದರಿದ.

"ಕೂತ್ಕಳಲ್ಲ ರೀ. ನೀವು ಹೇಳಿದ್ದಕ್ಕೆ ಒಡೆದೆ. ಅದು ನನ್ನ ತಪ್ಪು. ಆದ್ರೆ ಆ ಮೂಕಪ್ಪಂಗೆ ಮೂರು ಮಕ್ಕಳು ಅದಾವು. ಅವನ ಮೇಲೆ ಹಾಕ್ತೀರಿ ಅಂತ ನೀವು ನಂಗೆ ಹೇಳಿರ್ಲಿಲ್ಲ."

ಉಚ್ಚಂಗೆಮ್ಮ ಸಾವಂತ್ರಮ್ಮನನ್ನೇ ನೋಡಿದಳು. ಮುತ್ತುಗದ ಎಲೆ, ಬೇರೆ ಇಟ್ಟ ತಟ್ಟೆ, ಮೊನ್ನೆ ಸಂಜೆ "ಶಾಲೇಲಿ ಕನ್ನಡಕ ಮರ್ತು ಬಂದೆ" ಎಂದು ಹೊರಗೆ ಹೋಗಿ ಬಹಳ ಹೊತ್ತಿನ ಮೇಲೆ ಬಂದದ್ದು, ಎಲ್ಲ ಒಟ್ಟಿಗೆ ನೆನಪಾಯಿತು. ಓಂಕಾರಪ್ಪನ ಮೇಲೆ ಬಾರದಷ್ಟು ಸಿಟ್ಟು ಈ ಹೆಂಗಸಿನ ಮೇಲೆ ಬಂತು.

"ಕರೆಕ್ಟ್," ಎಂದಳು. "ಯಾರು ಅಂತ ಹೇಳಿದ್ರು, ಯಾವಾಗ ಅಂತ ಹೇಳಿದ್ರು. ಅದಕ್ಕೆ ಹ್ಯಾವ್ ಹೋಗಿ ಬ್ರೋಕ್ ಬಂತು. ಸಿಟ್ ಡೌನ್."

ಸಾವಂತ್ರಮ್ಮ ಕುಳಿತು ಮುಖ ಮುಚ್ಚಿಕೊಂಡಳು. ಮೂಕಪ್ಪನ ಮಾತು ಮತ್ತೆ ಯಾರೂ ಎತ್ತಲಿಲ್ಲ.

ಸಂಜೆ ಕೋಣೆಯಲ್ಲಿ ಉಚ್ಚಂಗೆಮ್ಮ ಬಟ್ಟೆ ಮಡಿಚಿ ಟ್ರಂಕಿಗೆ ತುಂಬುತ್ತಿದ್ದಾಗ ಸಾವಂತ್ರಮ್ಮ ಬಾಗಿಲಿಗೆ ಒರಗಿ ನಿಂತು ಹೇಳಿದಳು. ತನ್ನ ಅಣ್ಣನ ಮಗಳನ್ನು ಓಂಕಾರಪ್ಪನ ತಮ್ಮನ ಮಗನಿಗೆ ಕೊಡುವ ಮಾತು ನಡೆದಿದೆ. ಹುಡುಗಿಗೆ ಎರಡು ಸಂಬಂಧ ತಪ್ಪಿಹೋಗಿ ಮನೆಯಲ್ಲಿ ಎಲ್ಲರೂ ಕುಗ್ಗಿದ್ದಾರೆ. ಹೆಂಗಸಾದರೆ ಯಾರೂ ಅನುಮಾನ ಪಡುವುದಿಲ್ಲ, ನೀವೇ ಮಾಡಿ ಎಂದು ಓಂಕಾರಪ್ಪ ಹೇಳಿದಾಗ ಇಲ್ಲ ಎನ್ನಲಾಗಲಿಲ್ಲ. ಮೊದಲ ಸಲ ಹೊಸ ಮಡಕೆ ತರಿಸಿಟ್ಟವನೂ ಅವನೇ.

"ನಂಗೆ ನಿಮ್ಮ ಮೇಲೆ ಏನೂ ಇಲ್ಲ ಉಚ್ಚಂಗೆಮ್ಮ. ನಿಮ್ಮನ್ನ ತಂಗಿ ಹಂಗೆ ನೋಡೀನಿ."

"ತಂಗಿಗೆ ಎಲೆ ಹಾಕಿ ನೀವು ತಟ್ಟೇಲಿ ಉಣ್ತೀರಾ?"

ಸಾವಂತ್ರಮ್ಮ ತಲೆ ತಗ್ಗಿಸಿದಳು.

"ಎದ್ದು ನಿಂತು ಹೇಳಿದ್ರಿ. ಅದು ದೊಡ್ಡದು, ಇಲ್ಲ ಅನ್ನಲ್ಲ. ಆದ್ರೆ ಒಡೆದಿದ್ದೂ ನೀವೇ. ಎರಡನ್ನೂ ಒಂದಕ್ಕೊಂದು ವಜಾ ಹಾಕಾಕೆ ನಂಗೆ ಬರಲ್ಲ."

ಅವಳು ಟ್ರಂಕು ಎತ್ತಿಕೊಂಡು, ರಜೆಗೆ ಖಾಲಿಯಿದ್ದ ಹೆಣ್ಣುಮಕ್ಕಳ ಹಾಸ್ಟೆಲಿಗೆ ಹೋಗಿ ಉಳಿದ ದಿನಗಳನ್ನು ಅಲ್ಲೇ ಕಳೆದಳು. ಮೇಷ್ಟರುಗಳು ಸಾವಂತ್ರಮ್ಮನ ಜೊತೆಗೂ ಮಾತು ಬಿಟ್ಟಿದ್ದರು. ಇಬ್ಬರು ಹೆಂಗಸರು ಎರಡು ಕಡೆ ಒಂಟಿಯಾಗಿ ಉಂಡರು.

ಮೂಕಪ್ಪ ಮೂರನೆಯ ಮಡಕೆ ತಂದಿಟ್ಟ. ಅದನ್ನು ಯಾರೂ ಒಡೆಯಲಿಲ್ಲ. ಮೇಷ್ಟರುಗಳು ತಂಬಿಗೆಯಲ್ಲಿ ತಮ್ಮ ತಮ್ಮ ನೀರು ತರತೊಡಗಿದರು.

ಕೊನೆಯ ದಿನಗಳಲ್ಲಿ ಪ್ರತಿಯೊಬ್ಬರೂ ಊರಿನ ಮಕ್ಕಳನ್ನು ಕೂರಿಸಿಕೊಂಡು ಒಂದು ಮಾದರಿ ಪಾಠ ಮಾಡಬೇಕಿತ್ತು. ಅದಕ್ಕೆ ಉಚ್ಚಂಗೆಮ್ಮ ಅಂಕ ಕೊಡಬೇಕು. ಓಂಕಾರಪ್ಪನ ಸರದಿಗಾಗಿ ಅವಳು ಕಾದಿದ್ದಳು. ಅವನು ಎಲ್ಲಿ ಎಡವುತ್ತಾನೆ ಎಂದು ಬರೆದುಕೊಳ್ಳಲು ಪೆನ್ನು ತೆರೆದೇ ಕುಳಿತಿದ್ದಳು.

ಓಂಕಾರಪ್ಪ ಬಂದು ಮಕ್ಕಳನ್ನು ನೋಡಿ ನಕ್ಕ. ಅವನು ಹಾಗೆ ನಗಬಲ್ಲ ಎಂದು ಅವಳಿಗೆ ಗೊತ್ತಿರಲಿಲ್ಲ. "ಎಲ್ರೂ ಕಣ್ಣು ಮುಚ್ರಿ. ಕಳ್ಳಗಣ್ಣು ಬಿಟ್ಟೋರ ಕಿವಿ ನನ್ನ ಕೈಯಾಗೆ" ಎಂದ. ಮಕ್ಕಳು ಕಿಸಕ್ಕೆಂದು ಕಣ್ಣು ಮುಚ್ಚಿದರು. ಅವನು ಬೆಕ್ಕಿನ ಹೆಜ್ಜೆಯಲ್ಲಿ ಓಡಾಡಿದ. ಕಿಟಕಿ ತೆರೆದ, ಕುರ್ಚಿಯನ್ನು ತಲೆಕೆಳಗು ಮಾಡಿದ, ಬೋರ್ಡಿನ ಮೇಲಿನ ತಾರೀಕು ಅಳಿಸಿದ, ತನ್ನ ಟೋಪಿ ತೆಗೆದು ಬೆನ್ನ ಹಿಂದೆ ಅಡಗಿಸಿಕೊಂಡ. "ಓಪನ್ ಯುವರ್ ಐಸ್. ವಾಟ್ ಹ್ಯಾವ್ ಐ ಡನ್?"

"ಕಿಟಕಿ ತೆಗೆದೀರಿ ಸಾರ್!"

"ಇಂಗ್ಲಿಷ್ನಾಗೆ! ಯು ಹ್ಯಾವ್ ಓಪನ್ಡ್..."

"ಯು ಹ್ಯಾವ್ ಓಪನ್ಡ್ ದ ವಿಂಡೋ!" ಕೋಣೆ ಕೂಗಿತು. ಕುರ್ಚಿ, ತಾರೀಕು, ಟೋಪಿ, ಒಂದೊಂದಕ್ಕೂ ಮಕ್ಕಳು ಎದ್ದೆದ್ದು ಕೂಗಿದರು. ಒಬ್ಬ ಹುಡುಗಿ ಬೆಂಚಿನ ಮೇಲೆ ಹತ್ತಿ, "ಯು ಹ್ಯಾವ್ ರಿಮೂವ್ಡ್ ಯುವರ್ ಕ್ಯಾಪ್! ಸಾರ್ ತಲೆ ಬೋಳು!" ಎಂದಾಗ ಮೇಷ್ಟರುಗಳೂ ನಕ್ಕರು. ಓಂಕಾರಪ್ಪ ಹುಡುಗಿಯ ತಲೆ ಸವರಿ, "ಮೈ ಹೇರ್ ಹ್ಯಾಸ್ ಗಾನ್" ಎಂದ.

ಉಚ್ಚಂಗೆಮ್ಮ ಬರೆಯುವುದನ್ನು ನಿಲ್ಲಿಸಿದ್ದಳು. ಮಾಡುವುದನ್ನು ಕಾಣದೆ, ಆದದ್ದನ್ನು ಮಾತ್ರ ಕಂಡು ಹೇಳುವ ಪಾಠ. ಮಡಕೆಯ ಚೂರು ಸುರಿದು ಅವಳು ಮಾಡಿದ್ದು ಅದೇ ಪಾಠ. ಆ ದಿನ ಮೀಸೆಯೊಳಗೆ ನಗುತ್ತ ಕುಳಿತಿದ್ದವನು ಅದನ್ನು ಪೂರ್ತಿ ಕೇಳಿಸಿಕೊಂಡಿದ್ದ. ಕೇಳಿಸಿಕೊಂಡು, ಅವಳಿಗಿಂತ ಚೆನ್ನಾಗಿ ಮಾಡಿದ್ದ. ಅವನು ಇನ್ನಷ್ಟು ಕೆಟ್ಟವನಾಗಿ ಕಂಡ. ಇಷ್ಟು ಬಲ್ಲವನು ಅಷ್ಟು ಮಾಡಿದನಲ್ಲ.

ಎಲ್ಲರಿಗಿಂತ ಹೆಚ್ಚಿನ ಅಂಕ ಅವನಿಗೇ ಕೊಟ್ಟಳು.

ಅಂಕಗಳನ್ನು ಓದಿದ ಮೇಲೆ ಓಂಕಾರಪ್ಪ ವರಾಂಡದಲ್ಲಿ ಅವಳಿಗೆ ಅಡ್ಡ ಬಂದು ನಿಂತ. "ನಂಗೆ ಫೇಲ್ ಮಾಡ್ತೀರಿ ಅಂದ್ಕೊಂಡಿದ್ದೆ. ಮ್ಯಾಲೆ ಅರ್ಜಿ ಹಾಕಾಕೆ ತಯಾರಿ ಮಾಡ್ಕೊಂಡಿದ್ದೆ."

"ಗೊತ್ತಿತ್ತು."

"ಹಂಗಾದ್ರೆ ಹೆದರಿ ಹಾಕಿದ್ದಾ?"

"ಮಕ್ಕಳು ಕಲಿತ್ರು. ಅದಕ್ಕೆ ಹಾಕಿದ್ದು. ದಾರಿ ಬಿಡ್ರಿ."

ಅವನು ದಾರಿ ಬಿಟ್ಟ. ಸೆರಗು ತಾಗದಷ್ಟು ದೂರ ಸರಿದು ಬಿಟ್ಟ.

ಮರುವರ್ಷ ಶಿಬಿರ ನ್ಯಾಮತಿಯಲ್ಲಿ ಎಂದಾಯಿತು. ತಿಪ್ಪೇಶಪ್ಪ ಉಚ್ಚಂಗೆಮ್ಮನ ಹೆಸರು ಬಿಟ್ಟು ಪಟ್ಟಿ ಕಳಿಸಿದ್ದ. ಬೆಂಗಳೂರಿನ ತರಬೇತಿ ಕೇಂದ್ರದವರು ಒಪ್ಪಲಿಲ್ಲ, ತರಬೇತಾದವರೇ ಬೇಕು ಎಂದರು. ಅವಳ ಜೊತೆಗೆ ಇನ್ನೊಬ್ಬರು ಇರಲಿ ಎಂದಾಗ, ಹೆಚ್ಚಿನ ಅಂಕ ಪಡೆದವನು ಎಂಬ ಕಾರಣಕ್ಕೆ ಓಂಕಾರಪ್ಪನನ್ನು ಹಾಕಿದರು. ಅವಳೇ ಕೊಟ್ಟ ಅಂಕ ಅವನನ್ನು ಅವಳ ಪಕ್ಕಕ್ಕೆ ತಂದು ನಿಲ್ಲಿಸಿತು.

ಆರು ಬೇಸಿಗೆ ಇಬ್ಬರೂ ಒಟ್ಟಿಗೆ ಕಲಿಸಿದರು. ನ್ಯಾಮತಿ, ಹೊನ್ನಾಳಿ, ಒಮ್ಮೆ ಸಂತೇಬೆನ್ನೂರು. ತರಗತಿಯ ಹೊರಗೆ ಒಂದು ಮಾತಿಲ್ಲ. ಚಹಾ ಬೇರೆ, ಊಟ ಬೇರೆ, ಹೋಗುವ ಬಸ್ಸೂ ಬೇರೆ. ತರಗತಿಯ ಒಳಗೆ ಮಾತ್ರ ಇಂಗ್ಲಿಷಿನಲ್ಲಿ ಮಾತಾಡಲೇಬೇಕಿತ್ತು.

"ವಾಟ್ ಹ್ಯಾವ್ ಐ ಡನ್, ಮೇಡಂ?"

"ಯು ಹ್ಯಾವ್ ಹಿಡನ್ ದ ಡಸ್ಟರ್, ಸರ್."

ಕನ್ನಡದಲ್ಲಿ ಅವನ ಬಾಯಿಗೆ ಬಾರದ ಮೇಡಂ ಇಂಗ್ಲಿಷಿನಲ್ಲಿ ಸಲೀಸಾಗಿ ಬರುತ್ತಿತ್ತು. ಹೊಸದಾಗಿ ಬಂದ ಮೇಷ್ಟರುಗಳು ಇಬ್ಬರ ಹೊಂದಾಣಿಕೆಯನ್ನು ಹೊಗಳುತ್ತಿದ್ದರು. ಒಬ್ಬರು ಪಾಠ ಎತ್ತಿದರೆ ಇನ್ನೊಬ್ಬರು ಎಲ್ಲಿ ಸೇರಿಕೊಳ್ಳಬೇಕು ಎಂದು ಕಣ್ಣಲ್ಲೇ ತಿಳಿಯುತ್ತಿತ್ತು. ವೈರಿಯ ಮುಖವನ್ನು ಅಷ್ಟು ವರ್ಷ ಎಚ್ಚರದಿಂದ ನೋಡಿದವರಿಗೆ ಅದು ಕಷ್ಟವೇನಲ್ಲ.

ಸಾವಂತ್ರಮ್ಮನ ಅಣ್ಣನ ಮಗಳ ಸಂಬಂಧ ಚನ್ನಗಿರಿ ಶಿಬಿರದ ಬೇಸಿಗೆಯಲ್ಲೇ ಮುರಿದುಬಿದ್ದಿತ್ತು. ಹುಡುಗಿ ಆಮೇಲೆ ಟೈಪಿಂಗ್ ಕಲಿತು ಶಿವಮೊಗ್ಗದಲ್ಲಿ ಕೆಲಸಕ್ಕೆ ಸೇರಿದಳಂತೆ. ಸಾವಂತ್ರಮ್ಮ ಸೂರಗೊಂಡನಕೊಪ್ಪದ ಕಡೆಗೆ ವರ್ಗವಾಗಿ ಬಂದಿದ್ದಳು. ನ್ಯಾಮತಿಯ ಸಂತೆಯಲ್ಲಿ ಉಚ್ಚಂಗೆಮ್ಮನಿಗೆ ಆಗಾಗ ಎದುರಾಗುತ್ತಿದ್ದಳು.

"ಆರಾಮಾ?" ಎಂದು ಸಾವಂತ್ರಮ್ಮ ಕೇಳುತ್ತಿದ್ದಳು.

"ಆರಾಮು" ಎಂದು ಉಚ್ಚಂಗೆಮ್ಮ ಮುಂದೆ ಹೋಗುತ್ತಿದ್ದಳು. ಒಂದು ಸಲ ಮಾತ್ರ ಹತ್ತು ಹೆಜ್ಜೆ ಹೋಗಿ ತಿರುಗಿ ನೋಡಿದಳು. ಸಾವಂತ್ರಮ್ಮ ಚೀಲ ಹಿಡಿದು, ಇನ್ನೊಂದು ಕೈಯಲ್ಲಿ ಮಂಡಿ ಒತ್ತಿಕೊಳ್ಳುತ್ತ ಅಲ್ಲೇ ನಿಂತಿದ್ದಳು. ಉಚ್ಚಂಗೆಮ್ಮ ವಾಪಸು ಹೋಗಿ, "ಮಂಡಿ ನೋವು ಹೆಂಗೈತೆ?" ಎಂದು ಕೇಳಿದಳು. ಅದಕ್ಕಿಂತ ಹೆಚ್ಚು ಅವಳಿಂದ ಆಗಲಿಲ್ಲ.

೧೯೮೭ರಲ್ಲಿ ಓಂಕಾರಪ್ಪ ನಿವೃತ್ತನಾದ. ಅವನ ಕೊನೆಯ ಶಿಬಿರ ಹೊನ್ನಾಳಿಯಲ್ಲಿ ನಡೆಯಿತು. ಸಮಾರೋಪದ ದಿನ ಮೇಷ್ಟರುಗಳು ಶಾಲು, ಹೂವಿನ ಹಾರ ತಂದು ಸನ್ಮಾನ ಇಟ್ಟುಕೊಂಡರು. ಒಬ್ಬೊಬ್ಬರೂ ಎದ್ದು ಓಂಕಾರಪ್ಪನ ಸರಳತೆ, ದೊಡ್ಡ ಗುಣ, ಎಲ್ಲರನ್ನೂ ಒಂದೇ ಎಂದು ಕಾಣುವ ಮನಸ್ಸನ್ನು ಹೊಗಳಿದರು. ಕೊನೆಗೆ, ಆರು ವರ್ಷ ಜೊತೆಯಲ್ಲಿ ದುಡಿದವರು ಮಾತಾಡಲಿ ಎಂದು ಉಚ್ಚಂಗೆಮ್ಮನನ್ನು ಕರೆದರು.

ಅವಳು ಮೈಕಿನ ಮುಂದೆ ನಿಂತಳು. ಓಂಕಾರಪ್ಪ ಕ್ಯಾಮೆರಾದವನಿಗೆ ಕೊಟ್ಟ ನಗುವನ್ನು ಹಾಗೇ ಮುಖದ ಮೇಲಿಟ್ಟುಕೊಂಡು ನೆಲ ನೋಡುತ್ತಿದ್ದ.

"ಇವರ ಪಾಠ ಚೆನ್ನಾಗಿರುತ್ತೆ," ಎಂದಳು. "ಹಿಂದಿನ ಬೆಂಚಿನ ಮಗುವಿಗೂ ತಿಳಿಯೋ ಹಂಗೆ ಹೇಳ್ತಾರೆ. ಪರ್ಫೆಕ್ಟ್ ಟೆನ್ಸನ್ನ ಇವರಷ್ಟು ಚೆನ್ನಾಗಿ ಕಲಿಸೋರನ್ನ ನಾನು ಈ ಜಿಲ್ಲೇಲಿ ನೋಡಿಲ್ಲ."

ಸಭೆ ಚಪ್ಪಾಳೆಗೆ ಕೈ ಎತ್ತಿತು. ಅವಳು ಇನ್ನೂ ನಿಂತಿದ್ದಳು. ಮನುಷ್ಯರಾಗಿ ಎಂಥವರು ಎಂಬ ಮಾತು ಇನ್ನೇನು ಬರುತ್ತದೆ ಎಂದು ಎತ್ತಿದ ಕೈಗಳು ಕಾದವು. ಓಂಕಾರಪ್ಪ ತಲೆ ಎತ್ತಿ ಅವಳನ್ನು ನೋಡಿದ. ಅವನ ಮುಖದ ನಗು ಹೋಗಿತ್ತು; ಅವನೂ ಕಾಯುತ್ತಿದ್ದ.

ಉಚ್ಚಂಗೆಮ್ಮ ಮೈಕನ್ನು ಓಂಕಾರಪ್ಪನ ಎತ್ತರಕ್ಕೆ ಸರಿಮಾಡಿ, ಕೆಳಗಿಳಿದು ತನ್ನ ಕುರ್ಚಿಯಲ್ಲಿ ಕುಳಿತಳು.